ಪಬ್ಬಿನ ಮೂಲೆಯ ಗಿಟಾರ್: ವಿಲ್ಕೊ ಜಾನ್ಸನ್ ಅವರ ಐದು ದಶಕಗಳು

ರಾಕ್ ಸಂಗೀತದ ಚರಿತ್ರೆ ಬರೆಯುವವರು ತುಂಬಿ ತುಳುಕಿದ ಕ್ರೀಡಾಂಗಣಗಳನ್ನೂ ಲಕ್ಷಗಟ್ಟಲೆ ಮಾರಾಟವಾದ ಧ್ವನಿಮುದ್ರಿಕೆಗಳನ್ನೂ ಮೈಲಿಗಲ್ಲುಗಳಾಗಿ ನೆಟ್ಟುಕೊಂಡು ಸಾಗುವುದು ರೂಢಿಯಾಗಿರುವುದರಿಂದ, ಒಮ್ಮೆ ಪ್ರಸಿದ್ಧಿಯ ತುದಿ ಮುಟ್ಟಿದ ವಾದಕನೊಬ್ಬ ಆಮೇಲೆ ಇನ್ನೂರು ಮುನ್ನೂರು ಜನ ಹಿಡಿಸುವ ಕೋಣೆಗಳಲ್ಲಿ ನುಡಿಸತೊಡಗಿದರೆ ಆ ಅವಧಿಯನ್ನು ‘ಇಳಿಗಾಲ’ ಎಂದು ಕರೆದು ಒಂದು ಪ್ಯಾರಾದಲ್ಲಿ ಮುಗಿಸಿಬಿಡುತ್ತಾರೆ. ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ಗಿಟಾರ್ ವಾದಕ, ಗೀತರಚನಕಾರ ವಿಲ್ಕೊ ಜಾನ್ಸನ್ (1947–2022) ಅವರಿಗೂ ಬಹುಕಾಲ ಇದೇ ಗತಿಯಾಯಿತು. 1976ರಲ್ಲಿ ಅವರಿದ್ದ ‘ಡಾಕ್ಟರ್ ಫೀಲ್‌ಗುಡ್’ ತಂಡದ ಆಲ್ಬಂ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮರುವರ್ಷ ಅವರು ತಂಡದಿಂದ ಹೊರಬಿದ್ದರು. ಅಲ್ಲಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಪಬ್ಬು, ಕ್ಲಬ್ಬು, ಊರ ಸಭಾಂಗಣಗಳಲ್ಲಿ ಗಿಟಾರ್ ಹಿಡಿದು ನಿಂತರು. ಈ ಮೂರು ದಶಕಗಳು ಅವರ ಕಲೆಯ ಇಳಿಗಾಲವಲ್ಲ, ಆ ಕಲೆ ಯಾವ ಜಾಗಕ್ಕೆಂದು ರೂಪುಗೊಂಡಿತ್ತೋ ಆ ಜಾಗದಲ್ಲೇ ಅದು ಬಾಳಿದ ಕಾಲ ಎಂದು ನೋಡುವುದಕ್ಕೆ ಸಾಕಷ್ಟು ಕಾರಣಗಳಿವೆ.

ಥೇಮ್ಸ್ ನದಿ ಸಮುದ್ರ ಸೇರುವ ಅಳಿವೆಯಲ್ಲಿ, ಲಂಡನ್ನಿಗೆ ಸುಮಾರು 50 ಕಿಲೋಮೀಟರ್ ಪೂರ್ವಕ್ಕೆ, ಕ್ಯಾನ್ವಿ ಎಂಬ ಪುಟ್ಟ ದ್ವೀಪವಿದೆ. 17ನೇ ಶತಮಾನದಲ್ಲಿ ಡಚ್ ಎಂಜಿನಿಯರುಗಳು ಒಡ್ಡು ಕಟ್ಟಿ ಜೌಗಿನಿಂದ ಎತ್ತಿಕೊಟ್ಟ ಈ ನೆಲ ಉಬ್ಬರದ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿದ್ದು, 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಒಡ್ಡು ಒಡೆದಾಗ ದ್ವೀಪದಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. 1947ರ ಜುಲೈ 12ರಂದು ಇಲ್ಲಿ ಹುಟ್ಟಿದ ಜಾನ್ ವಿಲ್ಕಿನ್ಸನ್, ಅಂದರೆ ಮುಂದೆ ತಮ್ಮ ಹೆಸರನ್ನು ಹಿಂದುಮುಂದು ಮಾಡಿಕೊಂಡು ವಿಲ್ಕೊ ಜಾನ್ಸನ್ ಆದವರು, ಆಗ ಐದು ವರ್ಷದ ಹುಡುಗ. ತಂದೆ ಅನಿಲ ಕೊಳವೆಗಳನ್ನು ಜೋಡಿಸುವ ಕೆಲಸಗಾರ. ಒಂದು ಕಡೆ ಲಂಡನ್ನಿನ ಬಡವರು ಬೇಸಿಗೆಯಲ್ಲಿ ಗಾಳಿ ಸೇವಿಸಲು ಬರುತ್ತಿದ್ದ ಅಗ್ಗದ ಕಡಲತೀರ, ಇನ್ನೊಂದು ಕಡೆ ಎಣ್ಣೆ ಸಂಗ್ರಹದ ದೈತ್ಯ ಟ್ಯಾಂಕುಗಳು, ಹಡಗಿನಿಂದ ಎಣ್ಣೆ ಇಳಿಸುವ ಕಟ್ಟೆಗಳು, ಎದುರು ದಂಡೆಯಲ್ಲಿ ರಾತ್ರಿಯಿಡೀ ಉರಿಯುವ ಸಂಸ್ಕರಣಾಗಾರದ ಜ್ವಾಲೆ: ಈ ನೋಟದ ನಡುವೆ ಬೆಳೆದ ಹುಡುಗರು ಅಮೆರಿಕದ ಕಪ್ಪುಜನರ ಬ್ಲೂಸ್ ಸಂಗೀತಕ್ಕೆ ಮಾರುಹೋಗಿ, ಆ ಸಂಗೀತದ ತವರಾದ ಮಿಸಿಸಿಪ್ಪಿ ಡೆಲ್ಟಾವನ್ನು ನೆನೆದು ತಮ್ಮ ಕೆಸರುನೆಲಕ್ಕೆ ‘ಥೇಮ್ಸ್ ಡೆಲ್ಟಾ’ ಎಂದು ಹೆಸರಿಟ್ಟುಕೊಂಡರು. ಇದರಲ್ಲಿ ಅರ್ಧ ತಮಾಷೆ ಇತ್ತು, ಆದರೆ ಅರ್ಧ ಮಾತ್ರ.

ಜಾನ್ಸನ್ ರಾಕ್ ವಾದಕರ ಸಿದ್ಧ ಅಚ್ಚಿಗೆ ಒಗ್ಗುವವರಲ್ಲ. ಅವರು ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು; ಹಳೆಯ ಇಂಗ್ಲಿಷಿನ ಕಾವ್ಯವನ್ನೂ, ಮಧ್ಯಯುಗದ ಐಸ್‌ಲ್ಯಾಂಡಿನ ‘ಸಾಗಾ’ಗಳನ್ನೂ, ಅಂದರೆ ಮನೆತನಗಳ ವೈರ, ವಲಸೆ, ಸಾಹಸಗಳನ್ನು ಹೇಳುವ ಗದ್ಯಕಥನಗಳನ್ನೂ, ಅಭ್ಯಾಸ ಮಾಡಿದವರು. ಪದವಿ ಮುಗಿದ ಮೇಲೆ ಭೂಮಾರ್ಗವಾಗಿಯೇ ಭಾರತಕ್ಕೆ ಬಂದರು. ಯುರೋಪಿನ ತರುಣರು ಟರ್ಕಿ, ಇರಾನ್, ಅಫ್ಗಾನಿಸ್ತಾನಗಳನ್ನು ಹಾದು ಭಾರತ ಮುಟ್ಟುತ್ತಿದ್ದ, ‘ಹಿಪ್ಪಿ ಹಾದಿ’ ಎಂದು ಹೆಸರಾದ ದಾರಿಗಳು ತೆರೆದಿದ್ದ ಕಾಲವದು. ಮರಳಿ ಹೋದವರು ಎಸೆಕ್ಸ್‌ನ ಶಾಲೆಯೊಂದರಲ್ಲಿ ಇಂಗ್ಲಿಷ್ ಮೇಷ್ಟರಾದರು. 1971ರಲ್ಲಿ ಗಾಯಕ ಲೀ ಬ್ರಿಲೋ, ಬಾಸ್ ಗಿಟಾರಿನ ಜಾನ್ ಸ್ಪಾರ್ಕ್ಸ್, ‘ಬಿಗ್ ಫಿಗರ್’ ಎಂಬ ಅಡ್ಡಹೆಸರಿನ ಡ್ರಮ್ ವಾದಕ ಜಾನ್ ಮಾರ್ಟಿನ್ ಇವರೊಡನೆ ಸೇರಿ ಡಾಕ್ಟರ್ ಫೀಲ್‌ಗುಡ್ ತಂಡ ಕಟ್ಟಿದಾಗಲೂ, ಹಗಲು ಪಾಠ ಮಾಡಿ ಸಂಜೆ ಗಿಟಾರ್ ಹೆಗಲಿಗೇರಿಸುವುದು ಕೆಲಕಾಲ ಅವರ ದಿನಚರಿಯಾಗಿತ್ತು.

ಈ ತಂಡದ ಆರಂಭದ ಕಾರ್ಯಕ್ರಮಗಳಲ್ಲಿ ಒಂದು ವಿಚಿತ್ರವಾದದ್ದು. 1962ರಲ್ಲಿ ‘ಟೆಲ್‌ಸ್ಟಾರ್’ ಎಂಬ ವಾದ್ಯಕೃತಿಯಿಂದ ಜಗತ್ಪ್ರಸಿದ್ಧವಾಗಿದ್ದ ಟಾರ್ನಡೋಸ್ ತಂಡದ ಹಳೆಯ ಸದಸ್ಯ ಹೈನ್ಸ್ ಅವರಿಗೆ ಹತ್ತು ವರ್ಷಗಳ ಬಳಿಕ ಹಿಮ್ಮೇಳ ಬೇಕಾಯಿತು, ಕೈಗೆ ಸಿಕ್ಕವರು ಕ್ಯಾನ್ವಿಯ ಈ ಹುಡುಗರು. ಹೀಗಾಗಿ 1972ರ ಆಗಸ್ಟಿನಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಚಕ್ ಬೆರಿ, ಲಿಟ್ಲ್ ರಿಚರ್ಡ್ ಮುಂತಾದ ಘಟಾನುಘಟಿಗಳು ನುಡಿಸಿದ ಹಳೆಯ ರಾಕ್ ಅಂಡ್ ರೋಲ್ ಉತ್ಸವದಲ್ಲಿ, ಹೆಸರೇ ಇಲ್ಲದ ಈ ತಂಡವೂ ಹತ್ತಾರು ಸಾವಿರ ಜನರೆದುರು ನಿಂತಿತು. ಅದು ಮುಗಿದ ಮೇಲೆ ತಂಡ ಮರಳಿದ್ದು ಎಸೆಕ್ಸ್‌ನ ಪಬ್ಬುಗಳಿಗೆ. ಕ್ರೀಡಾಂಗಣದಿಂದ ಪಬ್ಬಿಗೆ ಇಳಿಯುವ ಅನುಭವ ಜಾನ್ಸನ್ ಅವರಿಗೆ ವೃತ್ತಿ ಜೀವನದ ಬಾಗಿಲಲ್ಲೇ ಆಗಿಹೋಗಿತ್ತು ಎನ್ನಬೇಕು.

ಇಲ್ಲಿ ‘ಪಬ್’ ಎಂಬುದನ್ನು ಬೆಂಗಳೂರಿನ ಬ್ರಿಗೇಡ್ ರಸ್ತೆಯ ಅರ್ಥದಲ್ಲಿ ತೆಗೆದುಕೊಳ್ಳುವಂತಿಲ್ಲ. ಬ್ರಿಟನ್ನಿನ ಪಬ್ ಒಂದು ಬೀದಿಗೋ ಒಂದು ಹಳ್ಳಿಗೋ ಸೇರಿದ ಕೂಡುಜಾಗ. ಬಿಯರ್ ಮಾರುವುದು ಅದರ ವ್ಯಾಪಾರವಾದರೂ ಸುದ್ದಿ, ಜಗಳ, ಜೂಜು, ಹಾಡು ಎಲ್ಲಕ್ಕೂ ಅಲ್ಲಿ ಎಡೆಯಿರುತ್ತದೆ. 1970ರ ದಶಕದ ಆರಂಭದ ಹೊತ್ತಿಗೆ ರಾಕ್ ಸಂಗೀತ ಈ ಜಾಗವನ್ನು ಬಹುಮಟ್ಟಿಗೆ ತೊರೆದಿತ್ತು. ಇಪ್ಪತ್ತು ನಿಮಿಷ ಸಾಗುವ ಕೃತಿಗಳು, ಲಾರಿಗಟ್ಟಲೆ ಉಪಕರಣ, ಬೆಳಕಿನ ಯಂತ್ರಗಳು, ದೂರದಲ್ಲಿ ಬೆರಳುದ್ದ ಕಾಣುವ ಕಲಾವಿದ, ಇವು ಆ ಕಾಲದ ದೊಡ್ಡ ತಂಡಗಳ ಲಕ್ಷಣಗಳು. 1971ರಲ್ಲಿ ‘ಎಗ್ಸ್ ಓವರ್ ಈಸಿ’ ಎಂಬ ಅಮೆರಿಕನ್ ತಂಡವೊಂದು ಧ್ವನಿಮುದ್ರಣಕ್ಕೆಂದು ಲಂಡನ್ನಿಗೆ ಬಂದು, ಆ ಕೆಲಸ ಕುಂಟುತ್ತಿದ್ದಾಗ, ಕೆಂಟಿಷ್ ಟೌನ್ ಬಡಾವಣೆಯ ‘ಟ್ಯಾಲಿ ಹೋ’ ಎಂಬ ಜಾಝ್ ಪಬ್ಬಿನ ಮಾಲೀಕರನ್ನು ಒಪ್ಪಿಸಿ ಅಲ್ಲಿ ನುಡಿಸತೊಡಗಿತು. ಜನ ಸೇರಿದರು, ಬಿಯರ್ ಖರ್ಚಾಯಿತು, ಬೇರೆ ಪಬ್ಬುಗಳೂ ಬಾಗಿಲು ತೆರೆದವು. ಹಿಂದಿನ ವರ್ಷವಷ್ಟೇ ವಿಮಾನ ತುಂಬ ಪತ್ರಕರ್ತರನ್ನು ನ್ಯೂಯಾರ್ಕಿಗೆ ಕರೆದೊಯ್ದು ಅಬ್ಬರದ ಪ್ರಚಾರ ಮಾಡಿಸಿಕೊಂಡು ನಗೆಗೀಡಾಗಿದ್ದ ಬ್ರಿನ್ಸ್‌ಲಿ ಶ್ವಾರ್ಟ್ಸ್ ತಂಡ ಕೂಡ ಇದೇ ದಾರಿ ಹಿಡಿಯಿತು. ಈ ಒಟ್ಟು ಬೆಳವಣಿಗೆಗೆ ಪತ್ರಿಕೆಗಳು ‘ಪಬ್ ರಾಕ್’ ಎಂದು ಹೆಸರಿಟ್ಟವು. ಅದು ಒಂದು ಶೈಲಿಯ ಹೆಸರಲ್ಲ, ಜಾಗದ ಹೆಸರು. ಹಳ್ಳಿಗಾಡಿನ ಅಮೆರಿಕನ್ ಧಾಟಿಯವರೂ, ಸೋಲ್ ಹಾಡುವವರೂ, ಫೀಲ್‌ಗುಡ್‌ನಂತೆ ರಿದಂ ಅಂಡ್ ಬ್ಲೂಸ್, ಅಂದರೆ ಬ್ಲೂಸ್‌ಗೆ ಕುಣಿತದ ಲಯ ಬೆರೆಸಿದ ನಗರದ ಸಂಗೀತ, ನುಡಿಸುವವರೂ ಅದರ ಕೆಳಗೇ ಬಂದರು.

1973ರಲ್ಲಿ ಫೀಲ್‌ಗುಡ್ ಲಂಡನ್ನಿನ ಈ ಪಬ್ಬುಗಳಿಗೆ ಕಾಲಿಟ್ಟಾಗ ಉಳಿದವರೆಲ್ಲ ಸ್ವಲ್ಪ ಮಂಕಾದರು. ಕೊಳೆಯಾದ ಬಿಳಿ ಸೂಟು ತೊಟ್ಟು ಹಾರ್ಮೋನಿಕಾ ಊದುತ್ತ ಗುಡುಗುವ ಬ್ರಿಲೋ ಒಂದೆಡೆ. ಕಪ್ಪು ಬಟ್ಟೆ, ಬಟ್ಟಲಿನಾಕಾರಕ್ಕೆ ಕತ್ತರಿಸಿದ ಕೂದಲು, ರೆಪ್ಪೆ ಮಿಟುಕಿಸದ ಕಣ್ಣುಗಳ ಜಾನ್ಸನ್ ಇನ್ನೊಂದೆಡೆ. ಅವರು ವೇದಿಕೆಯ ಹಿಂಬದಿಯಿಂದ ಮುಂಬದಿಗೆ, ಮತ್ತೆ ಹಿಂದಕ್ಕೆ, ಮಗ್ಗದ ಲಾಳಿಯಂತೆ ಒಂದೇ ಗೆರೆಯ ಮೇಲೆ ಜಾರುತ್ತ, ಆಗಾಗ ಗಿಟಾರನ್ನು ಬಂದೂಕಿನಂತೆ ಎದೆಮಟ್ಟಕ್ಕೆತ್ತಿ ಸಭಿಕರತ್ತ ಗುರಿ ಹಿಡಿಯುತ್ತಿದ್ದರು. ಕ್ರೀಡಾಂಗಣದಲ್ಲಾಗಿದ್ದರೆ ಈ ನಾಲ್ಕು ಹೆಜ್ಜೆಯ ಓಡಾಟ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಮೊದಲ ಸಾಲಿನವರ ಬಿಯರ್ ಲೋಟ ವೇದಿಕೆಯ ಅಂಚಿಗೇ ಕೂರುವಂಥ ಪಬ್ಬಿನ ಮೂಲೆಯಲ್ಲಿ ಅದು ನಿಜವಾದ ಬೆದರಿಕೆಯಾಗುತ್ತಿತ್ತು.

ಜಾನ್ಸನ್ ಅವರ ವಾದನಕ್ರಮವನ್ನು ತುಸು ಬಿಡಿಸಿ ನೋಡಿದರೆ ಅದಕ್ಕೂ ಈ ಕೋಣೆಗಳಿಗೂ ಇರುವ ನಂಟು ಸ್ಪಷ್ಟವಾಗುತ್ತದೆ. ರಾಕ್ ತಂಡಗಳಲ್ಲಿ ಸಾಮಾನ್ಯವಾಗಿ ಇಬ್ಬರು ಗಿಟಾರ್ ವಾದಕರಿದ್ದು, ಒಬ್ಬರು ‘ರಿದಂ’, ಎಂದರೆ ಹಲವು ತಂತಿಗಳನ್ನು ಒಟ್ಟಿಗೆ ಮೀಟಿ ಲಯವನ್ನೂ ಸ್ವರಮೇಳವನ್ನೂ ಹಿಡಿದುಕೊಡುವ ಕೆಲಸ ಮಾಡಿದರೆ, ಇನ್ನೊಬ್ಬರು ‘ಲೀಡ್’, ಎಂದರೆ ಒಂದೊಂದೇ ಸ್ವರವನ್ನು ಪೋಣಿಸಿ ರಾಗದ ಎಳೆ ತೆಗೆಯುವ ಕೆಲಸ ಮಾಡುತ್ತಾರೆ. 1960ರ ದಶಕದಲ್ಲಿ ಜಾನಿ ಕಿಡ್ ಮತ್ತು ಪೈರೇಟ್ಸ್ ತಂಡದ ಮಿಕ್ ಗ್ರೀನ್ ಈ ಎರಡನ್ನೂ ಒಂದೇ ಗಿಟಾರಿನಲ್ಲಿ ಬೆಸೆದಿದ್ದರು; ಅವರನ್ನೇ ಗುರುವೆಂದು ಭಾವಿಸಿದ ಜಾನ್ಸನ್ ಆ ಕ್ರಮವನ್ನು ಇನ್ನಷ್ಟು ಒಣಗಿಸಿ, ಇನ್ನಷ್ಟು ಚೂಪುಗೊಳಿಸಿದರು. ಅವರು ಹುಟ್ಟಾ ಎಡಚರು. ಆದರೆ ಗಿಟಾರ್ ಕಲಿಕೆ ತೊಡಕಾದಾಗ ಪಟ್ಟು ಹಿಡಿದು ಬಲಗೈಯಲ್ಲಿ ನುಡಿಸಲು ಕಲಿತರು. ತಂತಿ ಮೀಟಲು ಬಹುತೇಕ ರಾಕ್ ವಾದಕರು ಹಿಡಿಯುವ ‘ಪಿಕ್’ ಎಂಬ ಪ್ಲಾಸ್ಟಿಕ್ ಬಿಲ್ಲೆಯನ್ನು ಬಿಟ್ಟು ಬರಿಗೈಯ ಹೆಬ್ಬೆರಳು ಮತ್ತು ಬೆರಳುಗಳಿಂದ ತಂತಿಗಳ ಮೇಲೆ ಬಡಿಯುತ್ತಿದ್ದರು. ಎಡಗೈ ಒತ್ತಿದ ಸ್ವರ ಹುಟ್ಟಿದ ಕೂಡಲೇ ಹಿಡಿತ ಸಡಿಲಿಸಿ ಅದನ್ನು ಅಡಗಿಸುತ್ತಿದ್ದರು. ಹೀಗೆ ಮಾಡಿದಾಗ ಸ್ವರಕ್ಕೆ ಬಾಲವಿರುವುದಿಲ್ಲ; ಕೊಡಲಿಯೇಟಿನಷ್ಟು ಮೊಟುಕಾದ ಸದ್ದುಗಳ ಸಾಲು, ಅವುಗಳ ನಡುವೆ ಮೌನದ ಸಣ್ಣ ಸಂದುಗಳು, ಆ ಸಂದುಗಳಲ್ಲಿ ತಟ್ಟನೆ ಇಣುಕಿ ಹೋಗುವ ರಾಗದ ತುಣುಕು. ಮುಂಬದಿಯಲ್ಲಿ ಕೆಂಪು ಫಲಕವಿದ್ದ ಕಪ್ಪು ಬಣ್ಣದ ಫೆಂಡರ್ ಟೆಲಿಕಾಸ್ಟರ್ ಗಿಟಾರು, ಸುರುಳಿ ತಂತಿ, ಒಂದು ಧ್ವನಿವರ್ಧಕ, ಇಷ್ಟೇ ಸಾಮಗ್ರಿ. ಸದ್ದನ್ನು ತಿರುಚುವ, ಹಿಗ್ಗಿಸುವ, ಪ್ರತಿಧ್ವನಿಸುವ ಪೆಡಲುಗಳ ಮೇಲೆ ಈ ವಾದನ ನಿಂತಿರಲಿಲ್ಲ. ದೊಡ್ಡ ಸಭಾಂಗಣದಲ್ಲಿ ಗೋಡೆಗೆ ಬಡಿದು ಮರಳುವ ಸದ್ದು ಮುಂದಿನ ಸ್ವರದ ಮೇಲೆ ಬಿದ್ದು ಎಲ್ಲವನ್ನೂ ಕಲಸಿಬಿಡುವುದರಿಂದ ಈ ಬಗೆಯ ಮೌನದ ಸಂದುಗಳು ಅಲ್ಲಿ ಮುಚ್ಚಿಹೋಗುತ್ತವೆ. ಚಾವಣಿ ತಗ್ಗಾದ, ಜನ ಒತ್ತಾಗಿ ನಿಂತು ಪ್ರತಿಧ್ವನಿಯನ್ನು ಹೀರಿಕೊಳ್ಳುವ ಚಿಕ್ಕ ಕೋಣೆಯಲ್ಲಿ ಅವು ತೆರೆದೇ ಇರುತ್ತವೆ.

ತಂಡದ ಏರುಗತಿಯನ್ನು ಬೇಗ ಹೇಳಿ ಮುಗಿಸಬಹುದು. ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿ 1975ರ ಜನವರಿಯಲ್ಲಿ ಹೊರತಂದ ಮೊದಲ ಆಲ್ಬಂ ‘ಡೌನ್ ಬೈ ದ ಜೆಟ್ಟಿ’, ಸ್ಟೀರಿಯೊ ಯುಗದ ನಡುಹಗಲಿನಲ್ಲಿ ‘ಮೊನೊ’ ಕ್ರಮದಲ್ಲಿ, ಎಂದರೆ ಎಡಬಲಗಳ ವಿಂಗಡಣೆಯಿಲ್ಲದೆ ಒಂದೇ ದಾರಿಯಲ್ಲಿ ಸದ್ದು ಕೇಳುವಂತೆ ಬಂದು, ತಂಡದ ಹಟಮಾರಿತನಕ್ಕೆ ಸಾಕ್ಷಿಯಾಯಿತು. ಅದರಲ್ಲಿದ್ದ, ಜಾನ್ಸನ್ ಬರೆದ ‘ರಾಕ್ಸೆಟ್’ ಎಂಬ ಹಾಡಿನ ಹೆಸರನ್ನೇ ಮುಂದೆ ಸ್ವೀಡನ್ನಿನ ಜನಪ್ರಿಯ ಪಾಪ್ ಜೋಡಿ ತನಗಿಟ್ಟುಕೊಂಡಿತು. 1990ರ ಆಸುಪಾಸಿನಲ್ಲಿ ಕ್ಯಾಸೆಟ್ ಕೇಳಿದ ಕನ್ನಡಿಗರಿಗೆ ಆ ಜೋಡಿಯ ಪರಿಚಯ ಇದ್ದೀತು, ಹಾಡಿನ ಪರಿಚಯ ಇರಲಾರದು. 1976ರಲ್ಲಿ ಬಂದ ‘ಸ್ಟುಪಿಡಿಟಿ’ ಮೊದಲ ಸ್ಥಾನ ಹಿಡಿದಾಗ ಪಂಕ್ ಎಂಬ ಹೊಸ ಅಲೆ ಲಂಡನ್ನಿನಲ್ಲಿ ಏಳುತ್ತಿತ್ತು. ಆ ಅಲೆಯ ಮುಂಚೂಣಿಯಲ್ಲಿದ್ದ ‘ದ ಕ್ಲ್ಯಾಶ್’ ತಂಡದ ಜೋ ಸ್ಟ್ರಮ್ಮರ್, ‘ದ ಜಾಮ್’ನ ಪಾಲ್ ವೆಲ್ಲರ್ ಇಬ್ಬರೂ ಜಾನ್ಸನ್ ಅವರ ಋಣವನ್ನು ಒಪ್ಪಿಕೊಂಡವರು. ಆದರೆ ಆ ಅಲೆ ದಡಕ್ಕೆ ಬರುವ ಹೊತ್ತಿಗೆ ಅದನ್ನು ಎಬ್ಬಿಸಿದವರ ಮನೆಯೇ ಒಡೆದಿತ್ತು. 1977ರಲ್ಲಿ ನಾಲ್ಕನೆಯ ಆಲ್ಬಮ್ಮಿನ ಮುದ್ರಣದ ವೇಳೆ ಯಾವ ಹಾಡು ಸೇರಬೇಕೆಂಬ ವಿಷಯಕ್ಕೆ ಎದ್ದ ಜಗಳ ಬೆಳೆದು ಜಾನ್ಸನ್ ಹೊರಬಿದ್ದರು. ಅವರೇ ಬಿಟ್ಟರೋ, ಅವರನ್ನು ಬಿಡಿಸಲಾಯಿತೋ ಎಂಬ ಬಗ್ಗೆ ಎರಡು ಕಡೆಯವರ ಮಾತು ಎಂದೂ ಹೊಂದಲಿಲ್ಲ. ಹಾಡು ಬರೆಯುವ ಹೊರೆಯನ್ನು ಹೆಚ್ಚುಕಡಿಮೆ ಒಬ್ಬರೇ ಹೊತ್ತಿದ್ದ ವ್ಯಕ್ತಿಗೂ, ರಾತ್ರಿ ಕುಡಿದು ನಲಿಯುತ್ತಿದ್ದ ಉಳಿದ ಮೂವರಿಗೂ ನಡುವೆ ಬಿರುಕು ಮೊದಲೇ ಇತ್ತು.

ಆಮೇಲೆ ‘ಸಾಲಿಡ್ ಸೆಂಡರ್ಸ್’ ಎಂಬ ಸ್ವಂತ ತಂಡ ಕಟ್ಟಿದ್ದು ಹೆಚ್ಚು ದಿನ ನಿಲ್ಲಲಿಲ್ಲ. 1980ರಲ್ಲಿ, ಪೋಲಿಯೊದಿಂದ ಅರ್ಧ ದೇಹ ಸೊರಗಿದ್ದರೂ ಬ್ರಿಟನ್ನಿನ ಅತ್ಯಂತ ಚುರುಕು ನಾಲಿಗೆಯ ಗೀತಕಾರರೆನಿಸಿದ್ದ, ಪಬ್ ರಾಕ್‌ನಲ್ಲೇ ಕಣ್ಣುಬಿಟ್ಟ ಇಯಾನ್ ಡ್ಯೂರಿ ಅವರ ‘ಬ್ಲಾಕ್‌ಹೆಡ್ಸ್’ ತಂಡ ಸೇರಿದರು. ಅಲ್ಲಿ ಸಿಕ್ಕ ಬಾಸ್ ವಾದಕ ನಾರ್ಮನ್ ವ್ಯಾಟ್‌ರಾಯ್ ಮುಂದೆ ಅವರ ಜೀವಮಾನದ ಜೊತೆಗಾರರಾದರು. 1951ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಕುಟುಂಬದೊಡನೆ ಇಂಗ್ಲೆಂಡಿಗೆ ಹೋದ ಈ ಆಂಗ್ಲೋ ಇಂಡಿಯನ್ ವಾದಕರು, ಒಂದು ಬಡಿತದ ಜಾಗದಲ್ಲಿ ನಾಲ್ಕು ಸ್ವರ ತುಂಬಿಸಿಯೂ ಲಯ ಕೆಡಿಸದ ವೇಗಕ್ಕೆ ಹೆಸರಾದವರು. 1980ರ ದಶಕದ ನಡುವಿನಿಂದ ಒಂದು ಗಿಟಾರು, ಒಂದು ಬಾಸು, ಒಂದು ಡ್ರಮ್ಮು ಇರುವ ಮೂವರ ‘ವಿಲ್ಕೊ ಜಾನ್ಸನ್ ಬ್ಯಾಂಡ್’ ಊರೂರು ತಿರುಗತೊಡಗಿತು. ಸ್ಯಾಲ್ವತೋರೆ ರಾಮುಂಡೊ ಮೊದಲು ಡ್ರಮ್ಮಿಗೆ ಕೂತರು, ಕೊನೆಯ ಹಂತದಲ್ಲಿ ಡಿಲನ್ ಹೌ ಕೂತರು. ಈ ಡಿಲನ್ ಹೌ, ದೀರ್ಘ ಕೃತಿಗಳಿಗೂ ಭಾರೀ ರಂಗಸಜ್ಜಿಕೆಗೂ ಹೆಸರಾದ, ಪಬ್ ರಾಕ್ ಯಾವುದನ್ನು ಧಿಕ್ಕರಿಸಿ ಹುಟ್ಟಿತ್ತೋ ಅದರ ಸಾಕಾರವೇ ಆಗಿದ್ದ ‘ಯೆಸ್’ ತಂಡದ ಗಿಟಾರ್ ವಾದಕ ಸ್ಟೀವ್ ಹೌ ಅವರ ಮಗ. ಸಂಗೀತದ ಪಂಗಡಗಳ ವೈರ ಒಂದು ತಲೆಮಾರೂ ಬಾಳುವುದಿಲ್ಲವೆಂಬುದು ಇದ್ದದ್ದೇ.

ಒಂದು ರಾತ್ರಿಯ ಕಛೇರಿಯನ್ನು ವಾದಕರ ಮಾತಿನಲ್ಲಿ ‘ಗಿಗ್’ ಎನ್ನುತ್ತಾರೆ. ಸಣ್ಣ ಗಿಗ್ಗಿನ ಅರ್ಥಶಾಸ್ತ್ರ ಸರಳವೂ ಹೌದು, ನಿರ್ದಯವೂ ಹೌದು. ಮಧ್ಯಾಹ್ನ ವ್ಯಾನಿನಲ್ಲಿ ಧ್ವನಿವರ್ಧಕ, ಡ್ರಮ್ ಹೇರಿಕೊಂಡು ಹೊರಡಬೇಕು. ತಲುಪಿದ ಮೇಲೆ ಮೆಟ್ಟಿಲಿಳಿಸಿ ನೆಲಮಾಳಿಗೆಗೋ, ಮೆಟ್ಟಿಲು ಹತ್ತಿಸಿ ಮಹಡಿಗೋ ಸಾಗಿಸಬೇಕು. ‘ಸೌಂಡ್‌ಚೆಕ್’ ಎಂಬ, ಖಾಲಿ ಕೋಣೆಯಲ್ಲಿ ಸದ್ದಿನ ಪ್ರಮಾಣ ಹೊಂದಿಸಿಕೊಳ್ಳುವ ಕೆಲಸ ಮುಗಿಸಿ, ಎರಡು ಮೂರು ಗಂಟೆ ಸುಮ್ಮನೆ ಕಾಯಬೇಕು. ಸಂಭಾವನೆ ಎರಡು ಬಗೆ: ಜನ ಬರಲಿ ಬಿಡಲಿ ಇಷ್ಟು ಎಂದು ಮೊದಲೇ ಗೊತ್ತುಪಡಿಸಿದ ಮೊತ್ತ, ಇಲ್ಲವೇ ಟಿಕೆಟ್ ಹಣದಲ್ಲಿ ಇಷ್ಟು ಪಾಲು, ಹಲವೆಡೆ ಎರಡರ ಬೆರಕೆ. ಅದರಿಂದ ಪೆಟ್ರೋಲು, ವಸತಿ, ಏಜೆಂಟರ ಪಾಲು ಕಳೆದು ಉಳಿದದ್ದನ್ನು ಹಂಚಿಕೊಳ್ಳುವಾಗ ತಂಡ ಚಿಕ್ಕದಾದಷ್ಟೂ ಒಬ್ಬೊಬ್ಬರ ಕೈಗೆ ಹೆಚ್ಚು ಸಿಗುತ್ತದೆ. ಮೂವರ ತಂಡ ಎಂಬುದು ಕಲೆಯ ಆಯ್ಕೆಯಷ್ಟೇ ಲೆಕ್ಕದ ಆಯ್ಕೆಯೂ ಹೌದು. ಇಬ್ಬರ ಕೆಲಸವನ್ನು ಒಂದೇ ಗಿಟಾರಿನಲ್ಲಿ ಮಾಡಬಲ್ಲ ಜಾನ್ಸನ್ ಅವರ ವಿದ್ಯೆ ಇಲ್ಲಿ ಹೊಟ್ಟೆಪಾಡಿಗೂ ಒದಗಿತು. ಹಿಂದೆ ಬರೆದ ಹಾಡುಗಳಿಗೆ ಬರುವ ಗೌರವಧನ ಇತ್ತಾದರೂ, ಬದುಕಿನ ಆಧಾರ ರಸ್ತೆಯೇ ಆಗಿತ್ತು.

ರಸ್ತೆ ಇಂಗ್ಲೆಂಡಿಗಷ್ಟೇ ಸೀಮಿತವಾಗಿರಲಿಲ್ಲ. ಜಪಾನಿನಲ್ಲಿ ಅವರಿಗೆ ಸ್ವದೇಶದಲ್ಲಿಲ್ಲದ ನಿಷ್ಠೆಯ ಅಭಿಮಾನಿಗಳಿದ್ದರು. ‘ತೀ ಮಿಶೆಲ್ ಗನ್ ಎಲಿಫೆಂಟ್’ ಎಂಬ ಪ್ರಸಿದ್ಧ ಜಪಾನಿ ತಂಡದ ಗಿಟಾರ್ ವಾದಕ ಫುತೋಷಿ ಆಬೆ ಅವರ ಬಡಿತದಲ್ಲಿ ಕ್ಯಾನ್ವಿಯ ಶೈಲಿ ನೇರವಾಗಿ ಕೇಳಿಸುತ್ತದೆ. ಹಾಡುಗಳು ಹೆಚ್ಚಾಗಿ ಹಳೆಯವೇ. ಹೊಸ ಆಲ್ಬಮ್ಮುಗಳು ಅಪರೂಪ. ಇಲ್ಲಿ ವಿಮರ್ಶಕರ ದೂರಿಗೆ ಸ್ವಲ್ಪ ಬಲವಿದೆ: 1980ರ ದಶಕದ ಬಳಿಕ ಗೀತರಚನಕಾರರಾಗಿ ಜಾನ್ಸನ್ ಬಹುಮಟ್ಟಿಗೆ ಮೌನವಾದರು. ಆದರೆ ಅದೇ ಇಪ್ಪತ್ತು ಹಾಡುಗಳನ್ನು ಸಾವಿರಾರು ರಾತ್ರಿ ನುಡಿಸುವುದನ್ನು ಬರಿಯ ಪುನರಾವರ್ತನೆ ಎಂದು ತಳ್ಳಿಹಾಕುವವರು, ಒಂದೇ ಪ್ರಸಂಗವನ್ನು ಮತ್ತೆ ಮತ್ತೆ ಆಡುವ ಯಕ್ಷಗಾನ ಮೇಳದವರನ್ನೂ ಹಾಗೆಯೇ ಅಳೆಯುತ್ತಾರೆಯೇ ಎಂದು ಕೇಳಬೇಕಾಗುತ್ತದೆ. ಜಾನ್ಸನ್ ಅವರ ಸಂಗೀತದ ವಿಕಾಸ ಹೊಸ ಹಾಡಿನಲ್ಲಲ್ಲ, ಹಳೆಯ ಹಾಡನ್ನು ಇನ್ನಷ್ಟು ಕಡಿಮೆ ಸ್ವರಗಳಲ್ಲಿ ಹೇಳುವುದರಲ್ಲಿ ನಡೆಯಿತು.

ಈ ವರ್ಷಗಳಲ್ಲಿ ಅವರು ನುಡಿಸುತ್ತಿದ್ದ ಜಾಗಗಳ ಸ್ಥಿತಿಯೂ ಬದಲಾಗುತ್ತಿತ್ತು. ಹಿಂದಿನ ಕಾನೂನಿನಂತೆ ಇಂಗ್ಲೆಂಡಿನ ಪಬ್ಬಿನಲ್ಲಿ ಇಬ್ಬರವರೆಗೆ ವಾದಕರು ನುಡಿಸಲು ಮನರಂಜನೆಯ ಪ್ರತ್ಯೇಕ ಪರವಾನಗಿ ಬೇಕಿರಲಿಲ್ಲ, ಮೂರನೆಯವರು ಸೇರಿದರೆ ಬೇಕಾಗುತ್ತಿತ್ತು. 2003ರ ಪರವಾನಗಿ ಕಾಯಿದೆ ಆ ಇಬ್ಬರ ವಿನಾಯಿತಿಯನ್ನೂ ತೆಗೆದುಹಾಕಿತು. ಸಂಗೀತಗಾರರ ಆಕ್ಷೇಪದ ನಂತರ 2012ರ ಕಾಯಿದೆ 200 ಜನರೊಳಗಿನ ಕಾರ್ಯಕ್ರಮಗಳಿಗೆ ಬೆಳಿಗ್ಗೆ 8ರಿಂದ ರಾತ್ರಿ 11ರವರೆಗೆ ಸಡಿಲಿಕೆ ಕೊಟ್ಟಿತು. ಅಷ್ಟರೊಳಗೆ ಬಾಡಿಗೆ ಏರಿ, ಪಕ್ಕದಲ್ಲಿ ಹೊಸದಾಗಿ ಎದ್ದ ವಸತಿ ಸಮುಚ್ಚಯದವರು ಸದ್ದಿನ ದೂರು ಕೊಟ್ಟು, ಎಷ್ಟೋ ಕೋಣೆಗಳು ಬಾಗಿಲು ಹಾಕಿದ್ದವು.

2009ರಲ್ಲಿ ಜೂಲಿಯನ್ ಟೆಂಪಲ್ ನಿರ್ದೇಶಿಸಿದ ‘ಆಯಿಲ್ ಸಿಟಿ ಕಾನ್ಫಿಡೆನ್ಷಿಯಲ್’ ಎಂಬ ಸಾಕ್ಷ್ಯಚಿತ್ರ ಫೀಲ್‌ಗುಡ್ ಕಥೆಯನ್ನು ಹೊಸ ತಲೆಮಾರಿಗೆ ಹೇಳಿತು. ಎಣ್ಣೆ ಟ್ಯಾಂಕುಗಳ ನಡುವೆ ನಿಂತು ಶೇಕ್ಸ್‌ಪಿಯರನನ್ನೂ ನಕ್ಷತ್ರಗಳನ್ನೂ ಕುರಿತು ಎಡೆಬಿಡದೆ ಮಾತಾಡುವ ಜಾನ್ಸನ್ ಆ ಚಿತ್ರದ ನಿಜವಾದ ನಾಯಕರಾಗಿಬಿಟ್ಟರು. ಖಗೋಳದ ಹುಚ್ಚಿನಿಂದ ಅವರು ತಮ್ಮ ಮನೆಯ ಮಾಡಿನ ಮೇಲೆ ದೂರದರ್ಶಕಕ್ಕೆಂದು ಗುಮ್ಮಟವನ್ನೇ ಕಟ್ಟಿಸಿಕೊಂಡಿದ್ದರು. ಸಾಕ್ಷ್ಯಚಿತ್ರದ ಬೆನ್ನಿಗೇ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಮೊದಲೆರಡು ಸರಣಿಗಳಲ್ಲಿ ರಾಜನ ತಲೆಕಡುಕ ಇಲಿನ್ ಪೇನ್ ಎಂಬ ಪಾತ್ರ ಬಂತು. ನಾಲಿಗೆ ಕತ್ತರಿಸಲ್ಪಟ್ಟ ಆ ಪಾತ್ರಕ್ಕೆ ಮಾತೇ ಇಲ್ಲ, ದುರುಗುಟ್ಟಿ ನೋಡಿದರೆ ಸಾಕು. ನಲವತ್ತು ವರ್ಷ ಪಬ್ಬುಗಳ ಮೊದಲ ಸಾಲಿನವರನ್ನು ಹೆದರಿಸಿದ್ದ ನೋಟಕ್ಕೆ ಇದಕ್ಕಿಂತ ಹೊಂದುವ ಕೆಲಸ ಸಿಗುವುದು ಕಷ್ಟವಿತ್ತು.

2013ರ ಜನವರಿಯಲ್ಲಿ ಹೊರಬಿದ್ದ ಸುದ್ದಿ ಎಲ್ಲವನ್ನೂ ಬದಲಿಸಿತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮೀರಿದ ಹಂತದಲ್ಲಿದೆ, ಉಳಿದಿರುವುದು ಕೆಲವೇ ತಿಂಗಳು ಎಂದು ವೈದ್ಯರು ಹೇಳಿದಾಗ ಜಾನ್ಸನ್ ಕೀಮೋಥೆರಪಿಯನ್ನು ನಿರಾಕರಿಸಿ ವಿದಾಯದ ಪ್ರವಾಸ ಘೋಷಿಸಿದರು. ಆ ಸುದ್ದಿ ಕೇಳಿ ಆಸ್ಪತ್ರೆಯಿಂದ ಹೊರಬಂದ ಕ್ಷಣದಲ್ಲಿ ಮರ, ಆಕಾಶ, ಬೀದಿ ಎಲ್ಲವೂ ಹಿಂದೆಂದೂ ಇಲ್ಲದಷ್ಟು ಉಜ್ವಲವಾಗಿ ಕಂಡಿತೆಂದೂ, ಭಯದ ಬದಲು ಉಲ್ಲಾಸ ಆವರಿಸಿತೆಂದೂ ಅವರು ಸಂದರ್ಶನಗಳಲ್ಲಿ ಹೇಳಿಕೊಂಡರು. ಜಪಾನಿಗೆ ಹೋಗಿ ನುಡಿಸಿ ಬಂದರು. ಮಾರ್ಚ್‌ನಲ್ಲಿ ಲಂಡನ್ನಿನ ಕ್ಯಾಮ್ಡನ್‌ನ ‘ಕೊಕೊ’ ಸಭಾಂಗಣ ಸೇರಿದಂತೆ ಹಲವೆಡೆ ವಿದಾಯದ ಕಛೇರಿಗಳು ನಡೆದವು. ನುಡಿಸುವವರು ಸಾಯಲಿದ್ದಾರೆಂಬುದು ನುಡಿಸುವವರಿಗೂ ಕೇಳುವವರಿಗೂ ಗೊತ್ತಿದ್ದು, ನುಡಿಯುತ್ತಿರುವ ಹಾಡುಗಳಲ್ಲಿ ಮಾತ್ರ ಸಾವಿನ ಸೊಲ್ಲೇ ಇಲ್ಲದೆ ಕಾರು, ಹುಡುಗಿ, ಅನುಮಾನ, ಶನಿವಾರದ ರಾತ್ರಿ ಇಂಥವೇ ತುಂಬಿರುವ ಕಾರ್ಯಕ್ರಮಗಳು ರಾಕ್ ಇತಿಹಾಸದಲ್ಲಿ ಹೆಚ್ಚಿಲ್ಲ. ಶೋಕಗೀತೆಯೊಂದನ್ನು ಹೊಸದಾಗಿ ಸೇರಿಸುವ ಆಸೆಗೆ ಅವರು ಬೀಳದಿದ್ದದ್ದು ಅವರ ರುಚಿಶುದ್ಧಿಯ ದೊಡ್ಡ ಗುರುತು.

ವೈದ್ಯರು ಹೇಳಿದ ಗಡುವು ದಾಟಿತು, ಜಾನ್ಸನ್ ಇದ್ದರು. 2013ರ ನವೆಂಬರಿನಲ್ಲಿ ‘ದ ಹೂ’ ತಂಡದ ಗಾಯಕ ರೋಜರ್ ಡಾಲ್ಟ್ರಿ ಅವರೊಡನೆ ಸಸೆಕ್ಸ್‌ನ ಸ್ಟುಡಿಯೊವೊಂದರಲ್ಲಿ ಸುಮಾರು ಒಂದೇ ವಾರದಲ್ಲಿ ‘ಗೋಯಿಂಗ್ ಬ್ಯಾಕ್ ಹೋಮ್’ ಎಂಬ ಆಲ್ಬಂ ಮುದ್ರಿಸಿದರು. ಬಹುಪಾಲು ಹಳೆಯ ಹಾಡುಗಳೇ ಇದ್ದ ಅದು 2014ರಲ್ಲಿ ಬಂದು ಬ್ರಿಟನ್ನಿನ ಪಟ್ಟಿಯಲ್ಲಿ ಮೂರನೆಯ ಸ್ಥಾನ ಪಡೆಯಿತು. ಈ ನಡುವೆ, ಸಂಗೀತ ಕಛೇರಿಗಳ ಛಾಯಾಗ್ರಹಣದ ಹವ್ಯಾಸವಿದ್ದ ಚಾರ್ಲಿ ಚಾನ್ ಎಂಬ ಕ್ಯಾನ್ಸರ್ ಶಸ್ತ್ರವೈದ್ಯರಿಗೆ, ಇಷ್ಟು ದಿನ ಇಷ್ಟು ಲವಲವಿಕೆಯಿಂದ ವೇದಿಕೆಯ ಮೇಲೆ ಓಡಾಡುವವರ ರೋಗ ಸಾಮಾನ್ಯ ಬಗೆಯದ್ದಾಗಿರಲಾರದೆಂಬ ಅನುಮಾನ ಬಂತು. ಅವರ ಸಲಹೆಯಂತೆ ಕೇಂಬ್ರಿಜ್‌ನ ಆ್ಯಡನ್‌ಬ್ರೂಕ್ಸ್ ಆಸ್ಪತ್ರೆಯಲ್ಲಿ ಎಮ್ಯಾನ್ಯುಯೆಲ್ ಯುಗೆ ಪರೀಕ್ಷಿಸಿದಾಗ, ಅದು ನಿಧಾನವಾಗಿ ಬೆಳೆಯುವ ನ್ಯೂರೊಎಂಡೊಕ್ರೈನ್ ಗಡ್ಡೆ, ಅಂದರೆ ಹಾರ್ಮೋನು ಸ್ರವಿಸುವ ಜೀವಕೋಶಗಳಿಂದ ಹುಟ್ಟುವ ಅಪರೂಪದ ಗಡ್ಡೆ ಎಂದು ತಿಳಿಯಿತು. 2014ರ ಏಪ್ರಿಲಿನಲ್ಲಿ ಹಲವು ಗಂಟೆಗಳ ಶಸ್ತ್ರಚಿಕಿತ್ಸೆಯಲ್ಲಿ 3 ಕಿಲೋ ತೂಕದ ಗಡ್ಡೆಯೊಡನೆ ಮೇದೋಜೀರಕ ಗ್ರಂಥಿ, ಗುಲ್ಮ, ಹೊಟ್ಟೆ ಮತ್ತು ಕರುಳಿನ ಭಾಗಗಳನ್ನು ತೆಗೆಯಲಾಯಿತು. ಅಕ್ಟೋಬರಿನಲ್ಲಿ ತಾವು ರೋಗಮುಕ್ತರೆಂದು ಅವರು ಪ್ರಕಟಿಸಿದರು. ವೇದಿಕೆಯ ಮೇಲೆ ಕಂಡ ಲವಲವಿಕೆಯೇ ಸರಿಯಾದ ರೋಗನಿದಾನಕ್ಕೆ ದಾರಿಯಾಯಿತೆಂಬುದು ಕಥೆಗಾರರು ಕಟ್ಟಿದ್ದರೆ ನಂಬಲು ಕಷ್ಟವಾಗುತ್ತಿತ್ತು.

ಬದುಕಿ ಉಳಿದವರಿಗೆ ದೊಡ್ಡ ವೇದಿಕೆಗಳು ತಾವಾಗಿ ತೆರೆದುಕೊಂಡವು. ಎಪ್ಪತ್ತು ತುಂಬಿದ ನೆನಪಿಗೆ 2017ರಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕಛೇರಿ ನಡೆಯಿತು. ಮರುವರ್ಷ, ಸುಮಾರು ಮೂರು ದಶಕಗಳ ನಂತರ, ಹೊಸ ಹಾಡುಗಳ ‘ಬ್ಲೋ ಯುವರ್ ಮೈಂಡ್’ ಬಂತು. ಈ ಕೊನೆಯ ಜನಪ್ರಿಯತೆಯನ್ನು ಕಂಡು, ಕಡೆಗೂ ಅವರಿಗೆ ನ್ಯಾಯ ಸಿಕ್ಕಿತೆಂದು ಬರೆದವರು ಹಲವರು. ನ್ಯಾಯ ಸಿಕ್ಕಿದ್ದು ಬಹುಶಃ ಆ ಸಭಾಂಗಣಗಳಿಗೆ. ಕಾಯಿಲೆಯ ಸುದ್ದಿ ಬರುವ ಮೊದಲೇ, ಟಿಕೆಟ್ ಸುಲಭವಾಗಿ ಸಿಗುತ್ತಿದ್ದ ಕಾಲದಲ್ಲಿ, ಲಂಡನ್ನಿನ ‘100 ಕ್ಲಬ್’ನಂಥ ನೆಲಮಾಳಿಗೆಗಳಲ್ಲಿ ಅವರನ್ನು ಕೇಳಿದವರು ಅಲ್ಲಿ ಕೇಳಿದ್ದು ಇದೇ ಸಂಗೀತವನ್ನು, ಇನ್ನೂ ಹತ್ತಿರದಿಂದ. 2022ರ ಅಕ್ಟೋಬರ್ 18ರಂದು ಲಂಡನ್ನಿನ ಶೆಪರ್ಡ್ಸ್ ಬುಷ್ ಎಂಪೈರ್‌ನಲ್ಲಿ ಅವರ ಕೊನೆಯ ಕಛೇರಿ ನಡೆಯಿತು. ನವೆಂಬರ್ 21ರಂದು, 75ನೆಯ ವಯಸ್ಸಿನಲ್ಲಿ, ಮನೆಯಲ್ಲೇ ನಿಧನರಾದರು.

ಈ ಸಂಗೀತವನ್ನು ಮೊದಲ ಸಲ ಕೇಳಬಯಸುವ ಓದುಗರು ಡಾಲ್ಟ್ರಿ ಜೊತೆಗಿನ ಆಲ್ಬಂ ಸುಲಭವಾಗಿ ಸಿಗುತ್ತದೆಂದು ಅಲ್ಲಿಂದ ಆರಂಭಿಸುವ ಬದಲು ‘ಸ್ಟುಪಿಡಿಟಿ’ಯಿಂದ ಆರಂಭಿಸುವುದು ಒಳ್ಳೆಯದು. ಅದರ ಒಂದು ಮಗ್ಗುಲು ಶೆಫೀಲ್ಡ್ ನಗರದ ಸಭಾಭವನದಲ್ಲಿ, ಇನ್ನೊಂದು ಮಗ್ಗುಲು ಕ್ಯಾನ್ವಿಗೆ ಹತ್ತಿರದ ಸೌತೆಂಡ್‌ನ ಕಡಲತೀರದ ಕುರ್ಸಾಲ್ ನೃತ್ಯಶಾಲೆಯಲ್ಲಿ, 1975ರಲ್ಲಿ ಜನರೆದುರೇ ಮುದ್ರಣಗೊಂಡದ್ದು. ಎರಡನೆಯ ಮಗ್ಗುಲನ್ನು ಮೊದಲು ಕೇಳಬೇಕು.